ಕೈಗವಸಿನ ಅಳತೆ

ಒಕಾಯಾದ ಮೀನಂಗಡಿಯ ಹಿಂಬದಿಯ ಶೀತಪೆಟ್ಟಿಗೆಯಲ್ಲಿ
ಎರಡು ಟ್ಯೂನಾ ಮೀನುಗಳ ನಡುವೆ
ನಮ್ಮ ಮೊದಲ ಕ್ಯಾಮೆರಾ ಮೂರು ರಾತ್ರಿ ಮಲಗಿತ್ತು.
ಬಾಡಿಗೆ: ಅಂಗಡಿಯವನ ತಂಗಿಯ ಮದುವೆಗೆ
ಪುಕ್ಕಟೆ ಫೋಟೋ.

ಹೊರತೆಗೆದರೆ ಬ್ಯಾಟರಿ ಅರೆಜೀವ,
ಪರದೆಯ ಮೇಲೆ ಅಂಕೆಗಳು
ಬೆಲ್ಲದ ಪಾಕಕ್ಕೆ ಬಿದ್ದ ಇರುವೆಗಳ ಹಾಗೆ
ಒಂದು ಕಾಲೆತ್ತಿ, ಇನ್ನೊಂದನ್ನು ಮರೆತು.
ಗಟ್ಟಿಮುಟ್ಟಾಗಿ ಉಳಿದದ್ದು
ಮೀನಿನ ವಾಸನೆ ಮಾತ್ರ.

ಯಾನಗಿಸಾವಾ ಅಜ್ಜ ನಲವತ್ತು ವರ್ಷ ಗಾಜು ತೇಯ್ದವರು,
ಅವರ ಬೆರಳ ತುದಿಯಲ್ಲಿ ಒಂದೂ ಗೆರೆ ಉಳಿದಿಲ್ಲ.
ತಿರುಗಿಸಿ ನೋಡಿದರು, ಮೂಸಿದರು, ಇಟ್ಟರು:
‘ಕಣ್ಣು ಮಾಡಿದ್ದೀಯ.
ಮೊದಲು ರೆಪ್ಪೆ ಮಾಡು.’

ನನ್ನ ಬೆರಳು ಸಣ್ಣದು. ಗುಂಡಿಯನ್ನು
ಗೊತ್ತಿಲ್ಲದೆ ನನ್ನ ಬೆರಳಿಗೇ ಮಾಡಿದ್ದೆ.
ಕುನಿಹಾರುನ ಕೈಗವಸು ಕೇಳಿ ತಂದು
ಒಂದು ದಿನ ಪೂರ್ತಿ ತೊಟ್ಟುಕೊಂಡೆ:
ಚಹಾ ಚೆಲ್ಲಿದೆ, ಬೀಗ ತೆಗೆಯಲಾರದೆ
ಬಾಗಿಲಾಚೆಯೇ ನಿಂತೆ,
ನೂಡಲ್ಸಿನ ಬಟ್ಟಲಿಗೆ ಬಾಯಿ ಹಾಕಿ ಉಂಡೆ.
ಸಂಜೆಗೆ ನಕ್ಷೆಯ ಗುಂಡಿ
ಹುಣಸೆಬೀಜದಿಂದ ಐನೂರು ಯೆನ್ ನಾಣ್ಯಕ್ಕೆ ಬೆಳೆದಿತ್ತು.

ಮೂರನೆಯದರಲ್ಲಿ ರಬ್ಬರಿನ ಉಂಗುರ ಚಳಿಗೆ ಬಿರುಸಾಯಿತು.
ನಾಲ್ಕನೆಯದರಲ್ಲಿ ಹೊರಗಿನ ಒಂದು ಹನಿಯೂ ಒಳಬರಲಿಲ್ಲ, ಆದರೆ
ಜುಲೈ ತಿಂಗಳ ಧಗೆಯಲ್ಲಿ ಜೋಡಿಸುವಾಗ ಬಗ್ಗಿ
ನಾನೇ ಬಿಟ್ಟ ಉಸಿರು
ಜನವರಿಯ ಬೆಟ್ಟದ ನೆತ್ತಿಯಲ್ಲಿ
ಮಸೂರದ ಒಳಮೈಗೆ ಜರೀಗಿಡವಾಗಿ ಹಬ್ಬಿತು.
ಎಷ್ಟು ಚಂದ ಹಬ್ಬಿತ್ತು ಎಂದರೆ
ಬೈಯಲು ಬಾಯಿ ಬರಲಿಲ್ಲ.

ಐದನೆಯದು ಬಿಳಿ.
ಹಿಮದ ಆಟಕ್ಕೆ ಹಿಮದ ಬಣ್ಣ ಎಂದರು ಮಾರಾಟದವರು.
ತ್ಸುಗಾಯಿಕೆಯ ಇಳಿಜಾರಿನಲ್ಲಿ
ಕುನಿಹಾರು ಪಲ್ಟಿ ಹೊಡೆದ, ಎದ್ದ,
ತಲೆ ಮುಟ್ಟಿಕೊಂಡ. ಹೆಲ್ಮೆಟ್ಟಿನ ಮೇಲೆ
ಬರೀ ಕೊಕ್ಕೆ.
‘ಕರಾಸಾವಾ, ನಿನ್ನ ಮಗು ಕಳೆದುಹೋಯಿತು’ ಎಂದ ಫೋನಿನಲ್ಲಿ.
ನಾನು ಖರ್ಚಿನ ಪುಸ್ತಕ ತೆಗೆದೆ.

ಮೇ ತಿಂಗಳು, ಹಿಮ ಕರಗಿದ ಝರಿಯ ದಡದಲ್ಲಿ
ಕಾಡಸೊಪ್ಪಿನ ಕುಡಿ ಚಿವುಟಲು ಬಂದ ಒಬ್ಬಾಕೆ
ಅದನ್ನು ಬುಟ್ಟಿಯಲ್ಲಿ ಸೊಪ್ಪಿನ ಜೊತೆಗೇ ತಂದು
ರೋಪ್‌ವೇ ಕಚೇರಿಗೆ ಕೊಟ್ಟು ಹೋದಳು.
ಹೆಸರು ಹೇಳಲಿಲ್ಲವಂತೆ.

ಹದಿನೇಳು ಸೆಕೆಂಡು ಇಳಿತ:
ಹಲಗೆಯ ಮೂತಿ, ಅವನ ನೆರಳು, ಒಂದು ಫರ್ ಮರ.
ಆಮೇಲೆ ಆಕಾಶ, ನೆಲ, ಆಕಾಶ,
ಆಮೇಲೆ ಒಂದು ನೀಲಿ.
ನಾನು ಯಾವ ಬಣ್ಣದ ಪಟ್ಟಿಯಲ್ಲೂ ಕಾಣದ ನೀಲಿ.
ಅದರ ಮೇಲೆ ಇನ್ನಷ್ಟು ಹಿಮ ಕುಸಿದು, ಕಪ್ಪು.

ಕಪ್ಪಿನ ಬಳಿಕ ಮೂವತ್ತೆಂಟು ನಿಮಿಷ,
ಬರೀ ಸದ್ದು.
ಮೇಲೆ ಹೆಜ್ಜೆ, ಕರಕರ.
ಕೋಲು ಚುಚ್ಚುವುದು, ಎಳೆಯುವುದು, ಚುಚ್ಚುವುದು.
ಮೊದಲು ಬೈಗುಳ,
ಆಮೇಲೆ ‘ಓಯ್... ಓಯ್...’ ಎಂದು
ಅಟ್ಟದ ಮೇಲಿನ ಬೆಕ್ಕನ್ನು ಕರೆಯುವ ದನಿ.
ಒಮ್ಮೆ ಹೆಜ್ಜೆ ನೆತ್ತಿಯ ಮೇಲೆಯೇ ಬಂದು ನಿಂತಿತು.
ಅವನ ಏದುಸಿರು ಕೇಳಿಸಿತು.
ಆಮೇಲೆ ಎಡಕ್ಕೆ ಹೋಯಿತು.

‘ಇಲ್ಲೇ, ಇಲ್ಲೇ’ ಎಂದೆ ನಾನು,
ಇಯರ್‌ಫೋನ್ ಹಾಕಿಕೊಂಡು, ಕಾರ್ಖಾನೆಯಲ್ಲಿ,
ನಾಲ್ಕು ತಿಂಗಳು ತಡವಾಗಿ.

ಅಜ್ಜ ಕೇಳಿದರು: ‘ನೀರು ಹೊಕ್ಕಿದೆಯಾ?’
ಇಲ್ಲ.
‘ಹಾಗಾದರೆ ಗೆದ್ದೆ.’
ನಾನು ಉತ್ತರಿಸಲಿಲ್ಲ.

ಮರುದಿನ ಬಿಳಿ ಬಣ್ಣದ ಡಬ್ಬಿ ಕಪಾಟಿನಿಂದ ಇಳಿಯಿತು,
ಚಳಿಗಾಲಕ್ಕೆಂದು ಸೂರಿನಡಿ ತೂಗುಹಾಕುವ
ಪರ್ಸಿಮನ್ ಹಣ್ಣಿನ ಬಣ್ಣ ಏರಿತು.
ಬೆನ್ನಿನಲ್ಲಿ ಎಳ್ಳುಕಾಳಿನಷ್ಟು ತೂತು,
ಅದಕ್ಕೊಂದು ತೆಳುಪೊರೆ:
ಅಲುಗದೆ ಬಿದ್ದಿದ್ದರೆ ಅರೆನಿಮಿಷಕ್ಕೊಮ್ಮೆ
‘ಕೀಚ್’ ಎನ್ನಬೇಕು.
ಹನ್ನೊಂದು ಗ್ರಾಂ ಹೆಚ್ಚು ತೂಕ.
ಕುನಿಹಾರು ಗೊಣಗಿದ,
ಲೆಕ್ಕದವರು ಗೊಣಗಿದರು.

ಡಿಸೆಂಬರಿನ ಮೊದಲ ಹಿಮ ಬಿದ್ದ ರಾತ್ರಿ
ಹಿತ್ತಲಲ್ಲಿ ಮೊಣಕಾಲುದ್ದ ಅಗೆದು ಹೂತೆ.
ಮುಚ್ಚಿದೆ. ಕಣ್ಣೂ ಮುಚ್ಚಿದೆ. ಮೂರು ಸುತ್ತು ತಿರುಗಿ
ಇಪ್ಪತ್ತು ಹೆಜ್ಜೆ ಎತ್ತಲೋ ನಡೆದು ನಿಂತೆ.

ಅರೆನಿಮಿಷ.
ಏನೂ ಇಲ್ಲ.
ಇನ್ನೂ ಅರೆನಿಮಿಷ.

ಉಣ್ಣೆಯ ಟೋಪಿಯನ್ನು
ಕಿವಿಯಿಂದ ಮೇಲೆ ಸರಿಸಿದೆ.